ಬಾಗಿಲಿಗಿಟ್ಟ ಧೂಪ

ಬೆಂಗೇರಿ, ಹುಬ್ಬಳ್ಳಿ
14 ಜನವರಿ 2024

ಹೊಳೆವ್ವಾ,

ಅತ್ತ ಕ್ಷೇಮ, ಇತ್ತ ಕ್ಷೇಮ ಎಂದು ಪತ್ರ ಶುರು ಮಾಡಬೇಕೆಂದು ಮೂವತ್ತೆರಡು ವರ್ಷ ಸಾಲಿಯ ಮಕ್ಕಳಿಗೆ ಕಲಿಸಿದವಳು ನಾನು. ಈಗ ನಾನೇ ಬರೆಯಲು ಕುಳಿತರೆ ಆ ಸಾಲು ಕೈಗೆ ಬರುತ್ತಿಲ್ಲ. ಫೋನು ಮಾಡಿದರೆ ನನ್ನ ಕಿವಿಯ ಮಷಿನ್ನು ಕುಂಯ್ ಎನ್ನುತ್ತದೆ, ನೀನು ಹೇಳಿದ್ದು ಒಂದಕ್ಷರವೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಇನ್ನು ಮೇಲೆ ಪತ್ರವೇ. ನೀನು ಏಳನೆಯ ಇಯತ್ತೆ ಪಾಸಾದವಳು, ಬರೆಯಲು ಬರುವುದಿಲ್ಲವೆಂಬ ನೆಪ ಹೇಳಬೇಡ.

ನೀನು ಹೋಗಿ ಎರಡು ತಿಂಗಳಾಯಿತು. ಗುರುಶಿದ್ದಪ್ಪನ ದಿನಕರ್ಮ ಮುಗಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಂತೆ ಇದ್ದೆ. ಗಂಡ ಹೋದ ದುಃಖ, ಇರಲಿ ಎಂದು ನಾನೂ ಮಾತಾಡಿಸಲಿಲ್ಲ. ಆಮೇಲೆ ದೀಪಾವಳಿ ಮುಗಿಯುವುದೇ ತಡ, ಗಂಟು ಕಟ್ಟಿ ಮಗನ ಜೊತೆ ಗೋವಾಕ್ಕೆ ಹೊರಟೇಬಿಟ್ಟೆ. ಹತ್ತೊಂಬತ್ತು ವರ್ಷ ಇದ್ದ ಮನೆಯನ್ನು ಹೀಗೂ ಬಿಡುತ್ತಾರೆಯೇ?

ಕೆಳಮನೆ ಖಾಲಿ ಇದೆ. ಬೆಳಿಗ್ಗೆ ಆರಕ್ಕೆ ನೀನು ರೊಟ್ಟಿ ಬಡಿಯುವ ಸಪ್ಪಳ ನನ್ನ ಕಿವಿಗೆ ಕೇಳದಿದ್ದರೂ ನೆಲದಿಂದ ಅಂಗಾಲಿಗೆ ಬರುತ್ತಿತ್ತು. ಅದರಿಂದಲೇ ಏಳುತ್ತಿದ್ದೆ. ಈಗ ಯಾವಾಗ ಎದ್ದರೂ ನಡೆಯುತ್ತದೆ. ನಾಳೆ ಸಂಕ್ರಾಂತಿ. ಮದುವೆ ಮಕ್ಕಳು ಎಂದು ಏನೂ ಇಲ್ಲದವಳಿಗೆ ಹಬ್ಬವೆಂದರೆ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ತಾಟು ಓಡಾಡುವುದೇ ಆಗಿತ್ತು. ಈ ಸಲ ಎರಡು ಸಜ್ಜೆ ರೊಟ್ಟಿ ಮಾಡಿ, ಒಂದನ್ನು ತಿಂದು, ಇನ್ನೊಂದರ ಮುಖ ನೋಡುತ್ತಾ ಕೂರಬೇಕು.

ಅಲ್ಲಿ ನಿನಗೇನಮ್ಮ, ಮೀನಿನ ರಾಜ್ಯ! ನನ್ನ ಮನೆಯ ಕಟ್ಟಳೆಗೆ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ, ಈಗ ಬಿಡುಗಡೆ. ನೀವು ಮನೆ ಕೇಳಲು ಬಂದ ದಿನ ನಾನು ಮೊದಲು ಕೇಳಿದ್ದೇ "ನೀವು ಏನ ತಿಂತೀರಿ?" ಎಂದು. ಗುರುಶಿದ್ದಪ್ಪ ಎಷ್ಟು ನೆಟ್ಟಗೆ ಹೇಳಿದ. "ಅಕ್ಕೋರ, ತಿನ್ನೋ ಮಂದಿ ಅದೇವ್ರಿ, ಸುಳ್ಳ ಯಾಕ ಹೇಳ್ಲಿ. ಆದ್ರ ಹೊರಗ ತಿಂತೇವಿ, ಈ ಮನ್ಯಾಗ ತರಂಗಿಲ್ರಿ." ಆ ಮಾತಿಗೇ ನಾನು ಚಾವಿ ಕೊಟ್ಟದ್ದು. ಹಬ್ಬ ಹುಣ್ಣಿಮೆಗೆ ತಾರಿಹಾಳದ ನಿನ್ನ ಮೈದುನನ ಮನೆಗೆ ಹೋಗಿ ಉಂಡು, ಕೈ ಬಾಯಿ ತೊಳೆದು, ಎಲೆ ಅಡಿಕೆ ಹಾಕಿಕೊಂಡೇ ನೀವು ಗೇಟು ದಾಟುತ್ತಿದ್ದಿರಿ. ನನಗೆ ಎಲ್ಲಾ ಗೊತ್ತಿತ್ತು.

ಮೊಮ್ಮಗಳ ಜೊತೆ ನಾಲ್ಕು ದಿನ ಇದ್ದು ಬಾ. ಮನೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ದಾಕ್ಷಾಯಿಣಿ


ವಾಸ್ಕೋ, ಗೋವಾ
20 ಫೆಬ್ರವರಿ 2024

ಅಕ್ಕೋರಿಗೆ ಹೊಳೆವ್ವನ ನಮಸ್ಕಾರ.

ಪತ್ರ ಮುಟ್ಟಿತು. ಸಾನ್ವಿಗೆ ಜ್ವರ ಇತ್ತು, ಅದಕ್ಕೆ ತಡವಾಯಿತು. ಈಗ ಆರಾಮ ಇದ್ದಾಳೆ. ಮುತ್ತು ಬಂದರಿನಲ್ಲಿ ಲಾರಿ ಓಡಿಸುತ್ತಾನೆ. ಸೊಸೆ ಹೋಟೆಲಿನ ಕೆಲಸಕ್ಕೆ ಹೋಗುತ್ತಾಳೆ. ಸಾನ್ವಿಯನ್ನು ಅಂಗನವಾಡಿಗೆ ಬಿಡುವುದು, ಕರೆತರುವುದು ನನ್ನ ಕೆಲಸ. ಇಲ್ಲಿ ನಮ್ಮ ಕಡೆಯ ಮಂದಿ ಬಹಳ ಇದ್ದಾರೆ. ಊಟಕ್ಕೆ ತೊಂದರೆ ಇಲ್ಲ.

ನಿಮ್ಮ ಕಿವಿಯ ಮಷಿನ್ನನ್ನು ಅಂಗಡಿಯವನಿಗೆ ತೋರಿಸಿರಿ. ಮನೆ ಖಾಲಿ ಇಡಬೇಡಿರಿ, ಗೆದ್ದಲು ಹತ್ತುತ್ತದೆ. ಯಾರಾದರೂ ಒಳ್ಳೆಯವರು ಬಂದರೆ ಕೊಟ್ಟುಬಿಡಿರಿ.

ಹೊಳೆವ್ವ


ಬೆಂಗೇರಿ
3 ಮಾರ್ಚ್ 2024

ಹೊಳೆವ್ವಾ,

ನಿನ್ನದು ಪತ್ರವೋ ತಂತಿಯೋ ತಿಳಿಯಲಿಲ್ಲ. ಅರ್ಧ ಪುಟವೂ ತುಂಬಿಲ್ಲ. ಮೀನಿನ ವಿಷಯ ಕೇಳಿದ್ದೆ, ಅದಕ್ಕೆ ಉತ್ತರವೇ ಇಲ್ಲ. ತಿಂದೆ ಎಂದು ಬರೆದರೆ ನಾನೇನು ಬಡಿಗೆ ಹಿಡಿದು ಗೋವಾಕ್ಕೆ ಬರುತ್ತೇನೆಯೇ?

ಮನೆ ಕೊಡಿ ಎನ್ನುತ್ತೀಯಲ್ಲ, ಯಾರಿಗೆ ಕೊಡಲಿ? ಹೋದ ವಾರ ಒಬ್ಬ ಬಂದಿದ್ದ, ಬಸವಪ್ರಭು ಎಂದು. ಹತ್ತಿ ವ್ಯಾಪಾರದವರ ಮನೆಯ ಹುಡುಗ, ಹಣೆಯ ತುಂಬ ವಿಭೂತಿ. ಕೇಳುವ ಮೊದಲೇ "ನಾವು ಉಳ್ಳಾಗಡ್ಡಿ ಸುದ್ದಾ ಮುಟ್ಟಂಗಿಲ್ರಿ" ಎಂದ. ಎಲಾ ಇವನ, ಬೆಳ್ಳುಳ್ಳಿ ಒಗ್ಗರಣೆಯ ಘಮ ಇಲ್ಲದ ಮನೆಯ ಮೇಲೆ ನಾನು ಹೇಗೆ ಇರಲಿ? ಆಗುವುದಿಲ್ಲ ಎಂದೆ. ಮರುದಿನ ಇನ್ನೊಬ್ಬಳು ಬಂದಳು. ಪಾಪದ ಹುಡುಗಿ, "ವಾರಕ್ಕ ಒಮ್ಮೆ ಕೂಸಿಗೆ ತತ್ತಿ ಕೊಡ್ತೇನ್ರಿ, ನಡೀತದಿಲ್ರಿ?" ಎಂದಳು. ಅದೂ ಆಗುವುದಿಲ್ಲ ಎಂದೆ. ಈ ಮುದುಕಿಗೆ ಮನೆ ಕೊಡುವ ಮನಸ್ಸೇ ಇಲ್ಲ ಎಂದು ಓಣಿಯವರು ಮಾತಾಡಿಕೊಳ್ಳುತ್ತಿದ್ದಾರಂತೆ. ಅದು ಸುಳ್ಳೇನಲ್ಲ.

ಕಟ್ಟುನಿಟ್ಟಿನ ಹೆಂಗಸು ಎಂದೂ ಅನ್ನುತ್ತಾರೆ. ಅನ್ನಲಿ. ನಾನು ಎಂಥವಳೆಂದು ನಿನಗೆ ಗೊತ್ತಲ್ಲ. ಹೋದ ಶ್ರಾವಣದ ಆ ಸೋಮವಾರ ನೆನಪಿದೆಯೇ? ನಮ್ಮ ಮನೆತನದ ಅಯ್ಯನವರು ಮಹಾಂತಯ್ಯ ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದರು. ಹೋಳಿಗೆ ಬಡಿಸುತ್ತಿದ್ದೆ. ಆಗ ಕೆಳಗಿನಿಂದ ಆ ವಾಸನೆ ಬಂತು. ನನ್ನ ಕಿವಿ ಹೋಗಿದೆ, ಮೂಗು ಹೋಗಿಲ್ಲ. ಅಯ್ಯನವರ ಕೈ ತಾಟಿನ ಮೇಲೆಯೇ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಮೆಟ್ಟಿಲ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ನಾನು ತುಟಿ ಎರಡು ಮಾಡಲಿಲ್ಲ. ಧೂಪದ ಬಟ್ಟಲಿಗೆ ಕೆಂಡ ಹಾಕಿ, ಲೋಬಾನ ಉದುರಿಸಿ, ಕೆಳಗಿಳಿದು ನಿನ್ನ ಬಾಗಿಲ ಮುಂದೆ ಇಟ್ಟು ಸುಮ್ಮನೆ ಮೇಲೆ ಬಂದೆ. "ಆಚೀ ಓಣಿ ವಾಸನಿ ರೀ ಅಯ್ಯನವರ" ಎಂದು ಶ್ರಾವಣದಲ್ಲಿ ಜಂಗಮನ ಎದುರು ಸುಳ್ಳು ಹೇಳಿದೆ, ನಿಮ್ಮ ಮರ್ಯಾದೆ ಹೋಗಬಾರದೆಂದು. ಮುತ್ತು ಅಪ್ಪನನ್ನು ನೋಡಲು ಊರಿಗೆ ಬಂದಿದ್ದ, ವಯಸ್ಸಿನ ಹುಡುಗ, ನಾಲಿಗೆ ಕೇಳಲಿಲ್ಲ, ತಂದು ಬೇಯಿಸಿಕೊಂಡ. ಆಯಿತು ಹೋಯಿತು. ಆಮೇಲೆ ಒಂದು ದಿನವಾದರೂ ಆ ಮಾತು ಎತ್ತಿದೆನೇ?

ಗುರುಶಿದ್ದಪ್ಪನಿಗೆ ಗಂಟಲಲ್ಲಿ ಅನ್ನ ಇಳಿಯದಾದಾಗ ದಿನಾ ರವೆಯ ಗಂಜಿ ಕಾಯಿಸಿ ಕಳಿಸಿದ ಕೈ ಇದು. ಅದಾದರೂ ನೆನಪಾಗಿ ಎರಡು ಪುಟ ಬರೆ.

ದಾಕ್ಷಾಯಿಣಿ


ಬೆಂಗೇರಿ
28 ಏಪ್ರಿಲ್ 2024

ಹೊಳೆವ್ವಾ,

ಎಂಟು ವಾರವಾಯಿತು, ಉತ್ತರವಿಲ್ಲ. ಪತ್ರ ಮುಟ್ಟಲಿಲ್ಲವೋ, ಸಾನ್ವಿಗೆ ಮತ್ತೆ ಜ್ವರವೋ? ಮುತ್ತುವಿನ ಬಗ್ಗೆ ಬರೆದದ್ದು ಮನಸ್ಸಿಗೆ ಹತ್ತಿತೇ? ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವನಿಗೆ ಮಗ್ಗಿ ಕಲಿಸಿದವಳು ನಾನು. ಒಂದು ಕಾರ್ಡಾದರೂ ಹಾಕು.

ದಾಕ್ಷಾಯಿಣಿ


ವಾಸ್ಕೋ
30 ಮೇ 2024

ಅಕ್ಕೋರಿಗೆ ನಮಸ್ಕಾರ.

ಎರಡೂ ಪತ್ರ ಮುಟ್ಟಿವೆ. ಸಾನ್ವಿ ಆರಾಮ ಇದ್ದಾಳೆ. ಮಳೆ ಇನ್ನೇನು ಹಿಡಿಯುತ್ತದೆ, ಮುತ್ತುವಿಗೆ ಕೆಲಸ ಕಡಿಮೆ ಆಗುತ್ತದೆ.

ಆವತ್ತಿನ ಅಡುಗೆ ಮುತ್ತು ಮಾಡಿದ್ದಲ್ಲ. ಅವನಿಗೆ ಒಲೆ ಹಚ್ಚಲೂ ಬರುವುದಿಲ್ಲ.

ಮೀನು ತಿನ್ನುತ್ತೀಯಾ ಎಂದು ಕೇಳಿದ್ದಿರಿ. ತಿನ್ನುವುದಿಲ್ಲ. ಮಟನ್ನು, ತತ್ತಿ ಯಾವುದೂ ತಿನ್ನುವುದಿಲ್ಲ. ಇವರು ಹೋದ ಮೇಲೆ ಬಿಟ್ಟಿದ್ದೇನೆ. ಮಗ ಸೊಸೆ ಅವರ ಪಾಡಿಗೆ ಮಾಡಿಕೊಂಡು ಉಣ್ಣುತ್ತಾರೆ. ನಾನು ನನ್ನಷ್ಟಕ್ಕೆ ಬೇಳೆ ಬೇಯಿಸಿಕೊಂಡು ಮೊದಲೇ ಉಂಡು ಹೊರಗೆ ಕುಳಿತಿರುತ್ತೇನೆ. ಸಾನ್ವಿ "ಅಜ್ಜೀ, ನೀ ಯಾಕ ನಮ್ಮ ಜೋಡಿ ಉಣ್ಣಂಗಿಲ್ಲ?" ಎಂದು ಕೇಳುತ್ತಾಳೆ.

ಹೊಳೆವ್ವ


ಬೆಂಗೇರಿ
12 ಜೂನ್ 2024

ನನ್ನ ಹೊಳೆವ್ವಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೀನಿನ ಊರಿನಲ್ಲಿ ಕುಳಿತು ಮೀನು ಬಿಟ್ಟಿದ್ದೀಯಲ್ಲೇ! ಡಾಕ್ಟರು ಹೆದರಿಸಿದರೆಂದು ಬಿಡುವವರನ್ನು ನೋಡಿದ್ದೇನೆ. ಪಂಢರಪುರದ ಮಾಲೆ ಹಾಕಿಕೊಂಡು ಬಿಡುವವರಿದ್ದಾರೆ. ನನ್ನ ಜೊತೆಗಿದ್ದ ಒಬ್ಬ ಮಾಸ್ತರರು ಕಟುಕನ ಅಂಗಡಿಯ ಮುಂದೆ ಕಟ್ಟಿದ ಮರಿ ತಮ್ಮ ಕೈ ನೆಕ್ಕಿತೆಂದು ಅವತ್ತೇ ಬಿಟ್ಟರು. ನೀನು ಮಾತ್ರ ಯಾರೂ ಹೇಳದೆ, ಯಾರೂ ಕೇಳದೆ ಬಿಟ್ಟೆ. ಇಷ್ಟು ವರ್ಷದ ಸಹವಾಸ ಸುಮ್ಮನೆ ಹೋಗಲಿಲ್ಲ ಎಂದು ನನಗೆ ಹೆಮ್ಮೆಯಾಯಿತು. ಮಹಾಂತಯ್ಯನವರಿಗೂ ಹೇಳಿದೆ. "ಆಕೀ ಮನಸ್ಸ ಮಾಡಿದ್ರ ಲಿಂಗಧಾರಣಿ ಮಾಡಸೋಣ್ರಿ, ಅದಕ್ಕೇನಂತ" ಎಂದರು.

ಆ ಸೋಮವಾರದ ಅಡುಗೆ ನಿನ್ನದೇ ಎಂದು ಈಗ ತಿಳಿಯಿತು. ಗಂಡನ ಆರೈಕೆಯಲ್ಲಿ ದಣಿದಿದ್ದೆ, ಬಾಯಿ ಏನನ್ನೋ ಬೇಡಿತು. ಮನುಷ್ಯರಲ್ಲವೇ. ನಾನು ಕ್ಷಮಿಸಿದ್ದೇನೆ, ಅದನ್ನು ಮನಸ್ಸಿನಿಂದ ತೆಗೆದುಹಾಕು.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಹೋದ ವಾರ ಮೂರು ದಿನ ಜ್ವರದಲ್ಲಿ ಮಲಗಿದ್ದೆ. ಹಾಲಿನವನು ಪಾಕೀಟು ಇಟ್ಟು ಹೋದ, ಅವು ಮೆಟ್ಟಿಲ ಮೇಲೆಯೇ ಒಡೆದು ಹುಳಿಯಾದವು. "ಯಾಕ, ಅಕ್ಕೋರು ಇವತ್ತ ಇಳಿದಿಲ್ಲ?" ಎಂದು ಕೇಳುವ ಒಂದು ಜೀವ ಕೆಳಗೆ ಇರಲಿಲ್ಲ. ಮೂರನೆಯ ದಿನ ಎದ್ದು ಅನ್ನಕ್ಕೆ ಇಟ್ಟು, ತಟ್ಟೆ ಮುಂದೆ ಹಾಕಿಕೊಂಡು ಅತ್ತುಬಿಟ್ಟೆ. ನಾನು ಅಳುವವಳಲ್ಲ, ನಿನಗೆ ಗೊತ್ತು. ಒಬ್ಬಳೇ ಇರಲು ನನ್ನಿಂದ ಆಗುತ್ತಿಲ್ಲ ಹೊಳೆವ್ವಾ. ಈಗಂತೂ ನಿನ್ನ ಊಟ ನನ್ನ ಊಟ ಒಂದೇ ಆಯಿತು. ಅಲ್ಲಿ ಒಬ್ಬಳೇ ಉಂಡು ಹೊರಗೆ ಯಾಕೆ ಕೂರುತ್ತೀ? ಬಂದುಬಿಡು, ಇಬ್ಬರೂ ಒಂದೇ ಒಲೆಯ ಮೇಲೆ ಮಾಡಿಕೊಂಡು ಉಣ್ಣೋಣ.

ನಿನ್ನ ದಾಕ್ಷಾಯಿಣಿ


ವಾಸ್ಕೋ
7 ಜುಲೈ 2024

ಅಕ್ಕೋರಿಗೆ,

ನೀವು ಕ್ಷಮಿಸಿದ್ದೇನೆ ಎಂದು ಬರೆದಿದ್ದೀರಿ. ಓದಿ ಪತ್ರವನ್ನು ಒಲೆಗೆ ಹಾಕಬೇಕೆಂದಿದ್ದೆ. ಇಷ್ಟು ವರ್ಷದಲ್ಲಿ ನಾನು ನಿಮಗೆ ಎದುರು ಮಾತಾಡಿದವಳಲ್ಲ. ಇವತ್ತು ಆಡುತ್ತೇನೆ. ಕ್ಷಮಿಸಲಿಕ್ಕೆ ನಾನು ಮಾಡಿದ ತಪ್ಪು ಏನು?

ಆ ಅಡುಗೆ ಮುತ್ತುವಿಗಲ್ಲ, ನನಗೂ ಅಲ್ಲ. ಇವರಿಗೆ. ಗಂಟಲಿನ ಗಡ್ಡೆಗೆ ಇನ್ನು ಔಷಧ ಇಲ್ಲ, ಮನೆಗೆ ಕರೆದೊಯ್ಯಿರಿ ಎಂದು ಆಸ್ಪತ್ರೆಯವರು ಕಳಿಸಿ ಹದಿನೈದು ದಿನವಾಗಿತ್ತು. ನಿಮ್ಮ ಗಂಜಿ ಎರಡು ಚಮಚ ಒಳಗೆ ಹೋಗುತ್ತಿತ್ತು, ಎರಡು ಚಮಚ ಹೊರಗೆ ಬರುತ್ತಿತ್ತು. ಆ ಸೋಮವಾರ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದರು. ದನಿ ಇರಲಿಲ್ಲ, ಬಾಯಿಗೆ ಕಿವಿ ಹಚ್ಚಬೇಕಾಗಿತ್ತು.

"ಹೊಳೆವ್ವಾ, ಒಂದ ಗುಟಕ ಕಾಲ ಸೂಪ ಕುಡೀಬೇಕ ಅನಸ್ತದ."

"ಇವತ್ತ ಶ್ರಾವಣ ಸ್ವಾಮಾರ. ಈ ಮನ್ಯಾಗ ಹೆಂಗ ಮಾಡ್ಲಿ?"

"ಹೌದಲ್ಲ. ನಾನಽ ಮಾತ ಕೊಟ್ಟೇನಿ. ಬ್ಯಾಡ ಬಿಡು."

ಬ್ಯಾಡ ಬಿಡು ಎಂದು ಹೇಳಿ ಸೂರು ನೋಡುತ್ತಾ ಮಲಗಿದರು. ನನಗೆ ತಡೆಯಲಾಗಲಿಲ್ಲ. ಶ್ರಾವಣ ನಮಗೂ ಇತ್ತು ಅಕ್ಕೋರೇ, ನಾವೂ ಆ ತಿಂಗಳು ಮುಟ್ಟುವವರಲ್ಲ. ಆದರೆ ಸಾಯುವ ಮನುಷ್ಯನಿಗೆ ಶ್ರಾವಣ ಮುಗಿಯಲಿ ಎಂದು ಹೇಗೆ ಹೇಳಲಿ? ಮುತ್ತುವನ್ನು ಕಳಿಸಿ ಕುರಿಯ ಕಾಲು ತರಿಸಿದೆ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿ, ಸಣ್ಣ ಉರಿಯಲ್ಲಿ ಮೂರು ತಾಸು ಕುದಿಸಿದೆ. ವಾಸನೆ ಏಳತೊಡಗಿದಾಗ ಇವರು ತಲೆಯ ಕೆಳಗೆ ಇನ್ನೊಂದು ದಿಂಬು ಇಡು ಎಂದು ಕೈಸನ್ನೆ ಮಾಡಿದರು. ಎರಡು ತಿಂಗಳಲ್ಲಿ ಮೊದಲ ಸಲ ಕೂತರು. ಆ ಪಾತ್ರೆಯನ್ನೇ ನೋಡುತ್ತಾ ಕೂತರು.

ಆಗ ಸೀರೆಯ ಸಂದಿಯಿಂದ ನಿಮ್ಮ ಹೊಗೆ ಬಂತು. ಬಾಗಿಲು ತೆಗೆದರೆ ಧೂಪದ ಬಟ್ಟಲು. ನೀವು ಇರಲಿಲ್ಲ. ಇವರಿಗೆ ಕೆಮ್ಮು ಹತ್ತಿತು. ಕೆಮ್ಮಿದರೆ ಗಂಟಲಿನಿಂದ ರಕ್ತ ಬರುತ್ತಿತ್ತು. ಸೂಪು ಬಚ್ಚಲಿಗೆ ಹೋಯಿತು. ಒಂಬತ್ತನೆಯ ದಿನಕ್ಕೆ ಇವರು ಹೋದರು.

ತುಟಿ ಎರಡು ಮಾಡಲಿಲ್ಲ ಎಂದು ಬರೆದಿದ್ದೀರಿ. ಬೈಯಬೇಕಿತ್ತು ನೀವು. ಬೈದಿದ್ದರೆ ನಾನು ಹೇಳುತ್ತಿದ್ದೆ, ಇದು ಸಾಯುವವರಿಗೆ ಅಂತ. ಧೂಪಕ್ಕೆ ಏನಂತ ಹೇಳಲಿ? ಸೂತಕದ ಮನೆಗೆ, ಇಲಿ ಸತ್ತ ಮೂಲೆಗೆ ಇಟ್ಟಂತೆ ಇಟ್ಟು ಹೋದಿರಿ. ನಾನು ಬಿಟ್ಟಿದ್ದು ನಿಮ್ಮ ಸಹವಾಸದಿಂದಲ್ಲ. ಇವರಿಗೆ ಸಿಗದ್ದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮಹಾಂತಯ್ಯನವರಿಗೆ ಅದನ್ನು ಹೇಳಿರಿ.

ಹೊಳೆವ್ವ


ಬೆಂಗೇರಿ
29 ಜುಲೈ 2024

ಹೊಳೆವ್ವಾ,

ನಾಲ್ಕು ಪತ್ರ ಬರೆದು ಹರಿದೆ. ಮೊದಲನೆಯದರಲ್ಲಿ ನನಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೆ. ಗೊತ್ತಿರಲಿಲ್ಲ, ನಿಜ. ಆದರೆ ಮೆಟ್ಟಿಲು ಇಳಿದು ನಿನ್ನ ಬಾಗಿಲವರೆಗೆ ಬಂದಿದ್ದೆ. ಬಗ್ಗಿ ಬಟ್ಟಲು ಇಟ್ಟ ಕೈಗೆ ಬಾಗಿಲು ತಟ್ಟುವುದು ಕಷ್ಟವಿರಲಿಲ್ಲ. ತಟ್ಟಿದರೆ ಮಾತಾಗುತ್ತದೆ, ಮಾತಾದರೆ ನಾನು ಸಣ್ಣವಳಾಗುತ್ತೇನೆ ಎಂದುಕೊಂಡೆ. ದೊಡ್ಡವಳಾಗಿಯೇ ಮೇಲೆ ಹೋದೆ.

ಹುಟ್ಟಿದಾಗಿನಿಂದ ನಾನು ಮಾಂಸ ತಿಂದಿಲ್ಲ. ಅದನ್ನೊಂದು ಸಾಧನೆ ಎಂದು ತಿಳಿದಿದ್ದೆ. ನಿನ್ನ ಪತ್ರ ಓದಿದ ಮೇಲೆ ಯೋಚಿಸಿದೆ, ನಾನು ಬಿಟ್ಟವಳೇ ಅಲ್ಲ, ಮುಟ್ಟದೇ ಇದ್ದವಳು. ಬಿಡಲು ಒಂದು ಕಾರಣ ಬೇಕು. ನನ್ನನ್ನು ಯಾರೂ ಯಾಕೆ ಎಂದು ಕೇಳಲಿಲ್ಲ. ನಾನು ಮಾತ್ರ ಮನೆ ಕೇಳಲು ಬಂದವರನ್ನೆಲ್ಲ ಏನು ತಿನ್ನುತ್ತೀರಿ ಎಂದು ಕೇಳಿದೆ.

ತೀರಿಕೊಂಡವರಿಗೆ ವರ್ಷ ತುಂಬಿದ ದಿನ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತೀರಲ್ಲ ನಿಮ್ಮಲ್ಲಿ. ಪಂಚಾಂಗ ನೋಡಿದೆ. ಗುರುಶಿದ್ದಪ್ಪನ ತಿಥಿ ಈ ಸಲ ಆಗಸ್ಟ್ 26ಕ್ಕೆ ಬರುತ್ತದೆ. ಶ್ರಾವಣ ಸೋಮವಾರವೇ ಬಿದ್ದಿದೆ, ಬೀಳಲಿ. ನೀನು ಬಾ. ಅದೇ ಕೋಣೆಯಲ್ಲಿ, ಬಾಗಿಲು ಕಿಟಕಿ ತೆಗೆದು, ಅವನು ಕೇಳಿದ್ದನ್ನು ಮಾಡಿ ಎಡೆ ಇಡು. ನಾನು ಕೆಳಗೆ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ. ಬೇಡಿಕೊಳ್ಳುತ್ತೇನೆ, ಬಾ.

ದಾಕ್ಷಾಯಿಣಿ


ಬೆಂಗೇರಿ
27 ಆಗಸ್ಟ್ 2024

ಹೊಳೆವ್ವಾ,

ನಿನ್ನೆ ನೀನು ಬರಲಿಲ್ಲ. ಗೋವಾದಿಂದ ಬರುವ ಬಸ್ಸುಗಳು ಯಾವಾಗ ಬರುತ್ತವೆ ಎಂದು ಕೇಳಿಕೊಂಡು ಬಂದಿದ್ದೆ, ಹನ್ನೊಂದರವರೆಗೂ ಗೇಟಿನಲ್ಲಿ ನಿಂತೆ. ನಿಂತವಳನ್ನು ನೋಡಿ ಹಿಂದಿನ ಓಣಿಯ ಖಾತುನಬಿ "ಯಾರ ಬರೋರಿದ್ರು ಅಕ್ಕೋರ?" ಎಂದು ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಮೂವತ್ತು ವರ್ಷ ಒಂದೇ ನಳಕ್ಕೆ ನೀರಿಗೆ ನಿಂತವರು ನಾವು, ಅವಳ ಜೊತೆ ಅಷ್ಟು ಮಾತಾಡಿದ್ದು ನಿನ್ನೆಯೇ. ಅವಳು ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ಕೇಳಿದಳು. ಆಮೇಲೆ "ನಾ ಮಾಡಿ ತರ್ಲೇನ್ರಿ?" ಎಂದಳು. ತಾ ಎಂದೆ.

ಮಧ್ಯಾಹ್ನ ಎರಡಕ್ಕೆ ತಂದಳು. ನಿನ್ನ ಅಡುಗೆಮನೆಯಲ್ಲಿ ಗುರುಶಿದ್ದಪ್ಪನ ಫೋಟೋ ಇಟ್ಟು, ಮುಂದೆ ಸೂಪಿನ ಬಟ್ಟಲನ್ನು ನಾನೇ ಇಟ್ಟೆ. ಸುಳ್ಳು ಬರೆಯುವುದಿಲ್ಲ, ಎರಡು ಸಲ ಸೆರಗು ಮೂಗಿಗೆ ಹೋಯಿತು. ಊದುಬತ್ತಿ ಹಚ್ಚಬೇಕೆನಿಸಿತು, ಹಚ್ಚಲಿಲ್ಲ. ಅದು ಆರುವವರೆಗೆ ಅಲ್ಲೇ ಕೂತಿದ್ದೆ. "ಗುರುಶಿದ್ದಪ್ಪಾ, ತಪ್ಪಾತೋ" ಎಂದೆ. ಖಾಲಿ ಕೋಣೆಯಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಸಂಜೆ ಮಹಾಂತಯ್ಯನವರಿಗೆ ನಾನೇ ಹೋಗಿ ಹೇಳಿ ಬಂದೆ, ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು. ಇನ್ನು ಪ್ರಸಾದಕ್ಕೆ ನಿಮ್ಮ ಮನೆಗೆ ಬರಲು ಆಗುವುದಿಲ್ಲ ಎಂದರು. ಅವರ ನಿಯಮ ಅವರಿಗೆ, ನನಗೆ ಸಿಟ್ಟಿಲ್ಲ. ಆದರೆ ತಿಂಗಳಿಗೊಮ್ಮೆ ನನ್ನ ಮನೆಯಲ್ಲಿ ಎರಡನೆಯ ತಟ್ಟೆ ಬೀಳುತ್ತಿದ್ದದ್ದು ಅವರಿಗೇ.

ಇಷ್ಟು ಮಾಡಿದೆನೆಂದು ನೀನು ಬರಬೇಕೆಂದು ಹೇಳುತ್ತಿಲ್ಲ. ಹೇಳುತ್ತಲೇ ಇದ್ದೇನೆ ಎಂದು ನಿನಗೆ ತಿಳಿಯುತ್ತದೆ, ನೀನು ದಡ್ಡಿಯಲ್ಲ. ನೀನು ಬಂದರೆ ಏನು ಬೇಕಾದರೂ ಬೇಯಿಸಿಕೋ. ಏನೂ ಬೇಯಿಸದಿದ್ದರೂ ಸರಿ. ಕೆಳಗೆ ಇರು ಅಷ್ಟೇ.

ದಾಕ್ಷಾಯಿಣಿ


ವಾಸ್ಕೋ
20 ಸೆಪ್ಟೆಂಬರ್ 2024

ಅಕ್ಕೋರಿಗೆ ಹೊಳೆವ್ವನ ನಮಸ್ಕಾರ.

ಪತ್ರವನ್ನು ಮುತ್ತುವಿಗೂ ಓದಿ ಹೇಳಿದೆ. ಅವನು ಕಣ್ಣು ಒರೆಸಿಕೊಂಡು ಹೊರಗೆ ಹೋದ. "ಅಕ್ಕೋರು ಇಷ್ಟ ಮಾಡ್ಯಾರ, ಇನ್ನ ಸಿಟ್ಟ ಬಿಡವಾ, ಹೋಗಿ ಇರು" ಎಂದು ಆಮೇಲೆ ಹೇಳಿದ. ಹಿಂದಿನ ತಿಂಗಳು ಬರಬೇಕೆಂದು ಚೀಲ ಕಟ್ಟಿದ್ದೆ. ಬಸ್ ನಿಲ್ದಾಣದವರೆಗೂ ಹೋಗಿ ತಿರುಗಿ ಬಂದೆ.

ನನಗೆ ನಿಮ್ಮ ಮೇಲೆ ಸಿಟ್ಟು ಉಳಿದಿಲ್ಲ. ಜುಲೈ ತಿಂಗಳ ಪತ್ರದಲ್ಲಿ ಎಲ್ಲವನ್ನೂ ಬರೆದೆ ಎಂದುಕೊಂಡಿರಿ ನೀವು. ಒಂದು ಮಾತು ಬರೆದಿರಲಿಲ್ಲ. ಆ ಹೊತ್ತಿನಲ್ಲಿ ಮುತ್ತು ಔಷಧದ ಅಂಗಡಿಗೆ ಹೋಗಿದ್ದ, ಅವನಿಗೂ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ.

ಸೂಪು ಬಚ್ಚಲಿಗೆ ಹೋಯಿತು ಎಂದು ಬರೆದಿದ್ದೆ. ತಾನಾಗಿ ಹೋಗಲಿಲ್ಲ. ಹೊಗೆ ಬಂದ ಮೇಲೆ ಇವರು ಕೆಮ್ಮಿದರು, ಬಾಯಿ ಒರೆಸಿದೆ, ಕೆಮ್ಮು ನಿಂತಿತು. ನಾನು ಧೂಪ ಇಟ್ಟಿದ್ದಾರೆ ಎಂದೆ. ಇವರು ನಕ್ಕರು ಅಕ್ಕೋರೇ. "ಇಟ್ರ ಇಡ್ಲಿ, ಅವರು ಛಲೋ ಮಂದಿ, ನಾಳಿ ಹೇಳಿದ್ರ ತಿಳ್ಕೋತಾರ. ನೀ ಒಂದ ಗುಟಕ ಹಾಕು" ಎಂದು ಬಟ್ಟಲು ಹಿಡಿದರು.

ನಾನು ಹಾಕಲಿಲ್ಲ. ಆ ಕ್ಷಣಕ್ಕೆ ನನಗೆ ಇವರ ಬಾಯಿ ಕಾಣಲಿಲ್ಲ, ನಿಮ್ಮ ಮುಖ ಕಂಡಿತು. ಇಷ್ಟು ವರ್ಷ ಒಳ್ಳೆಯವಳು ಎನಿಸಿಕೊಂಡವಳು, ಒಂದು ದಿನಕ್ಕೆ ಅದು ಹೋಗುತ್ತದಲ್ಲ ಎಂದು ನಾಚಿಕೆಯಾಯಿತು. ಪಾತ್ರೆ ಎತ್ತಿ ಸುರಿದು, ಮೇಲೆ ಎರಡು ಕೊಡ ನೀರು ಹೊಯ್ದೆ. ಇವರು ಬಟ್ಟಲು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಒಂಬತ್ತು ದಿನ ಏನನ್ನೂ ಕೇಳಲಿಲ್ಲ. ನೀವು ಹೊಗೆ ಇಟ್ಟಿರಿ ಅಷ್ಟೇ, ಸುರಿದದ್ದು ನನ್ನ ಕೈ. ನೀವು ಕೆಟ್ಟ ಹೆಂಗಸಾಗಿದ್ದರೆ ನಾನು ಹಟಕ್ಕಾದರೂ ಕುಡಿಸುತ್ತಿದ್ದೆ.

ನೀವು ಇಟ್ಟ ಎಡೆ ಇವರಿಗೆ ಮುಟ್ಟಿರಬೇಕು. ನಾನು ಇಟ್ಟಿದ್ದರೆ ಮುಟ್ಟುತ್ತಿರಲಿಲ್ಲ.

ಆ ತತ್ತಿ ತಿನ್ನುವ ಕೂಸಿನ ತಾಯಿ ಇನ್ನೂ ಮನೆ ಹುಡುಕುತ್ತಿದ್ದರೆ ಅವಳಿಗೆ ಕೊಡಿರಿ. ನನ್ನ ದಾರಿ ಕಾಯಬೇಡಿರಿ, ನಾನು ಬರುವುದಿಲ್ಲ. ಬಂದರೆ ದಿನಾ ಆ ಬಚ್ಚಲಿನಲ್ಲಿಯೇ ಪಾತ್ರೆ ತಿಕ್ಕಬೇಕು.

ಹೊಳೆವ್ವ